ನಿಷೇಧದ ಕಡತ ನ್ಯಾಯಾಧೀಶರ ಮುಂದೆ ಬರಲಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಬಾಂಬ್ ಸಿಡಿದರೆ ಅಥವಾ ಗಲಭೆಯಲ್ಲಿ ಹೆಣ ಬಿದ್ದರೆ ‘ಆ ಸಂಘಟನೆಯನ್ನು ನಿಷೇಧಿಸಿ’ ಎಂಬ ಕೂಗು ಏಳುತ್ತದೆ. ಯಾವ ಸಂಘಟನೆ ಎಂಬುದು ಮಾತ್ರ ಕೂಗುವವರ ಪಕ್ಷಕ್ಕೆ ತಕ್ಕಂತೆ ಬದಲಾಗುತ್ತದೆ. ನಿಷೇಧವೇ ಕೂಡದು ಎನ್ನುವವನು ನಾನಲ್ಲ. ಕೊಲ್ಲುವುದನ್ನೇ ಕಾರ್ಯಕ್ರಮ ಮಾಡಿಕೊಂಡು ಅದಕ್ಕಾಗಿ ಹಣ, ಆಯುಧ ಕೂಡಿಹಾಕುವ ಕೂಟವನ್ನು ಸರ್ಕಾರ ಕೈಕಟ್ಟಿಕೊಂಡು ನೋಡಬೇಕಿಲ್ಲ. ಆದರೆ ಸದಸ್ಯನೊಬ್ಬ ಕೊಲೆ ಮಾಡಿದರೆ ಅವನನ್ನು ಶಿಕ್ಷಿಸಲು ಸಾಮಾನ್ಯ ದಂಡಸಂಹಿತೆಯೇ ಇದೆ. ಸಂಘಟನೆಯನ್ನೇ ನಿಷೇಧಿಸಬೇಕಾದರೆ, ಆ ಕೃತ್ಯ ಸಂಘಟನೆಯ ತೀರ್ಮಾನದಿಂದ, ಅದರ ಹಣದಿಂದ, ಅದರ ನಾಯಕರ ಅಪ್ಪಣೆಯಿಂದ ನಡೆಯಿತೆಂದು ಸರ್ಕಾರ ನ್ಯಾಯಾಧೀಶರ ಮುಂದೆ ತೋರಿಸಿಕೊಡಬೇಕು.

ನಮ್ಮ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಲ್ಲಿ ನಿಷೇಧಕ್ಕೆ ಎರಡು ದಾರಿಗಳಿವೆ. 1967ರ ಮೂಲ ಕಾಯ್ದೆಯಂತೆ ಸಂಘವೊಂದನ್ನು ‘ಕಾನೂನುಬಾಹಿರ’ ಎಂದು ಘೋಷಿಸಿದರೆ, ಕೇಂದ್ರವು 30 ದಿನಗಳೊಳಗೆ ಅದನ್ನು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ನ್ಯಾಯಮಂಡಳಿಗೆ ಒಪ್ಪಿಸಬೇಕು. ಮಂಡಳಿಯು ಎರಡೂ ಕಡೆಯ ವಾದ ಕೇಳಿ ಆರು ತಿಂಗಳೊಳಗೆ ತೀರ್ಮಾನ ಹೇಳಬೇಕು. ಎತ್ತಿಹಿಡಿದ ನಿಷೇಧವೂ, 2013ರ ತಿದ್ದುಪಡಿಯ ಬಳಿಕ, ಐದು ವರ್ಷಕ್ಕೆ ಮುಗಿಯುತ್ತದೆ. ಭಯೋತ್ಪಾದನೆ ತಡೆ ಕಾಯ್ದೆಯಾದ ಪೋಟಾ ರದ್ದಾದ 2004ರಲ್ಲಿ ಸೇರಿದ ಎರಡನೆಯ ದಾರಿ ಬೇರೆಯೇ. ಅದರಂತೆ ‘ಭಯೋತ್ಪಾದಕ ಸಂಘಟನೆ’ ಎಂದು ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅಂಥ ಸಂಘಟನೆಗಳ ಹೆಸರಿನ ಪಟ್ಟಿಗೆ, ಸೇರಿಸಲು ಕೇಂದ್ರ ಸರ್ಕಾರದ ನಂಬಿಕೆಯೊಂದೇ ಸಾಕು. ನ್ಯಾಯಮಂಡಳಿ ಇಲ್ಲ, ಅವಧಿಯೂ ಇಲ್ಲ. ಹೆಸರು ತೆಗೆಸಬೇಕೆಂದರೆ ಸೇರಿಸಿದ ಸರ್ಕಾರಕ್ಕೇ ಅರ್ಜಿ ಕೊಡಬೇಕು, ಅದು ತಿರಸ್ಕೃತವಾದರೆ ಅದೇ ಸರ್ಕಾರ ನೇಮಿಸಿದ ಪರಿಶೀಲನಾ ಸಮಿತಿಗೆ ಹೋಗಬೇಕು. ಹಗುರ ಹಣೆಪಟ್ಟಿಗೆ ಪೂರ್ಣ ವಿಚಾರಣೆ, ಭಾರದ ಹಣೆಪಟ್ಟಿಗೆ ಕಡತದ ಟಿಪ್ಪಣಿ ಎಂಬ ಈ ಲೆಕ್ಕ ನನಗಂತೂ ಇಂದಿಗೂ ಅರ್ಥವಾಗಿಲ್ಲ.

ಇದು ಹೊಸ ತಕರಾರೇನೂ ಅಲ್ಲ. ಮದ್ರಾಸ್ ಸರ್ಕಾರ ಸಂಘವೊಂದನ್ನು ನಿಷೇಧಿಸಿದ್ದ ವಿ.ಜಿ. ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರದ ಮನವರಿಕೆ ಮತ್ತು ಸಲಹಾ ಮಂಡಳಿಯ ಪರಿಶೀಲನೆ ನ್ಯಾಯಿಕ ವಿಚಾರಣೆಗೆ ಸಾಟಿಯಾಗದು ಎಂದು 1952ರಲ್ಲೇ ಹೇಳಿತ್ತು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಉರುಳಿದ ಬೆನ್ನಲ್ಲೇ ಆರ್‌ಎಸ್‌ಎಸ್ ಮತ್ತು ಜಮಾತೆ ಇಸ್ಲಾಮಿ ಹಿಂದ್ ಎರಡನ್ನೂ ನಿಷೇಧಿಸಲಾಯಿತು. ಮೊದಲನೆಯದರ ನಿಷೇಧ 1993ರಲ್ಲಿ ನ್ಯಾಯಮಂಡಳಿಯಲ್ಲೇ ಬಿದ್ದುಹೋಯಿತು. ಎರಡನೆಯದನ್ನು ಮಂಡಳಿ ಎತ್ತಿಹಿಡಿದರೂ ಸುಪ್ರೀಂ ಕೋರ್ಟ್ ರದ್ದುಮಾಡಿತು. ಪರಸ್ಪರ ಮುಖ ನೋಡದ ಎರಡು ಸಂಘಟನೆಗಳು ಒಂದೇ ಬಾಗಿಲಿನಿಂದ ಹೊರಬಂದವು ಎಂಬುದನ್ನು ಎರಡೂ ಪಾಳಯದವರು ನೆನಪಿಡುವುದು ಒಳ್ಳೆಯದು.

ಗುಪ್ತಚರರ ಮೂಲವನ್ನು ಬಹಿರಂಗಪಡಿಸಲಾಗದು ಎಂಬ ಸರ್ಕಾರದ ಅಳುಕಿನಲ್ಲಿ ಹುರುಳಿದೆ. ಆದರೆ ಗುಟ್ಟಿನ ಕಾಗದವನ್ನು ನ್ಯಾಯಾಧೀಶರಾದರೂ ಓದಿ, ಅದು ನಂಬಲರ್ಹವೇ ಎಂದು ತೂಗಲೇಬೇಕು. ಜರ್ಮನಿಯಲ್ಲಿ ತೀವ್ರ ಬಲಪಂಥೀಯ ಎನ್‌ಪಿಡಿ ಪಕ್ಷವನ್ನು ನಿಷೇಧಿಸುವ ಮೊದಲ ಪ್ರಯತ್ನ 2003ರಲ್ಲಿ ಮುರಿದುಬಿದ್ದದ್ದು, ಆ ಪಕ್ಷದ ನಾಯಕತ್ವದಲ್ಲೇ ಸರ್ಕಾರದ ಮಾಹಿತಿದಾರರು ಕುಳಿತಿದ್ದರೆಂಬುದು ಸಾಂವಿಧಾನಿಕ ನ್ಯಾಯಾಲಯದ ಕಣ್ಣಿಗೆ ಬಿದ್ದಾಗ. ಪಕ್ಷದ ಮಾತು ಯಾವುದು, ಸರ್ಕಾರದ ಗೂಢಚಾರನ ಮಾತು ಯಾವುದು ಎಂದು ಬಿಡಿಸಿ ನೋಡುವ ಕೆಲಸ ಗೃಹ ಸಚಿವಾಲಯದ ಒಳಗೇ ಆಗುವಂಥದ್ದಲ್ಲ.

ಅಧಿಸೂಚನೆಯ ಮಾರನೆಯ ದಿನವನ್ನು ಊಹಿಸಿಕೊಳ್ಳಿ. ಕಚೇರಿಗೆ ಬೀಗ ಬೀಳುತ್ತದೆ, ಬ್ಯಾಂಕ್ ಖಾತೆ ಸ್ತಂಭಿಸುತ್ತದೆ, ಸದಸ್ಯತ್ವದ ರಿಜಿಸ್ಟರ್ ಪೊಲೀಸರ ವಶವಾಗುತ್ತದೆ. ಹತ್ತು ವರ್ಷದ ಹಿಂದೆ ಯಾರದೋ ಒತ್ತಾಯಕ್ಕೆ ವಂತಿಗೆ ಕೊಟ್ಟು, ಆಮೇಲೆ ಆ ಕಡೆ ತಲೆಹಾಕದವನ ಹೆಸರೂ ಅದರಲ್ಲಿರುತ್ತದೆ. ಬರೀ ಸದಸ್ಯತ್ವ ಅಪರಾಧವಾಗದು ಎಂದು 2011ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಆ ನಿಲುವನ್ನು ಕೈಬಿಟ್ಟಿದೆ. ಪಟ್ಟಿಗೆ ಸೇರಿದ ಬಳಿಕ ಸಂಘಟನೆಯ ಚಟುವಟಿಕೆಯಲ್ಲಿ ತಾನು ಭಾಗಿಯಾಗಿಲ್ಲವೆಂದು ಆತನೇ ರುಜುವಾತುಪಡಿಸಬೇಕು. ರಾಜೀನಾಮೆ ಪತ್ರ ಬರೆದು ಪ್ರತಿ ಇಟ್ಟುಕೊಂಡು ಸಂಘ ಬಿಡುವವರು ಎಷ್ಟು ಮಂದಿ?

ಸದಸ್ಯನ ಮೇಲೆ ಇಷ್ಟು ಭಾರ ಹೊರಿಸುವ ಕಾಯ್ದೆಯು ಸರ್ಕಾರದ ಮೇಲೂ ಒಂದಿಷ್ಟು ಹೊರಿಸಲಿ. ಮೊದಲ ಅನುಸೂಚಿಗೆ ಸೇರಿಸುವ ಪ್ರತಿ ಹೆಸರೂ 30 ದಿನಗಳೊಳಗೆ ನ್ಯಾಯಮಂಡಳಿಯ ಮುಂದೆ ಬರಬೇಕು, ಐದು ವರ್ಷಕ್ಕೊಮ್ಮೆ ಹೊಸ ಸಾಕ್ಷ್ಯದೊಂದಿಗೆ ಮತ್ತೆ ಬರಬೇಕು. 1967ರ ಕಾಯ್ದೆಯ ಮೊದಲ ಪುಟಗಳಲ್ಲಿರುವ ಈ ಏರ್ಪಾಟನ್ನು 2004ರ ಅಧ್ಯಾಯಕ್ಕೂ ವಿಸ್ತರಿಸಲು ಸಂಸತ್ತಿಗೆ ಒಂದು ಸಣ್ಣ ತಿದ್ದುಪಡಿ ಸಾಕು.

ಇತಿ,
ನಿಮ್ಮ ಪತ್ರಿಕೆಯ ಓದುಗ