ಒಂದು ಬೀಡಿಯಷ್ಟು ಟೈಮು

ಪ್ರೀತಿಯ ಪುಟ್ಟೀ,

ನಿನ್ನ ಪಿಎಚ್‌ಡಿ ಪ್ರಪೋಸಲ್ ಓದ್ದೆ ಕಣೇ, ಎರಡು ಸಲ. ಮೊದ್ಲು ಫೋನಲ್ಲಿ ಓದಕ್ಕೆ ಹೋದೆ, ಅಕ್ಷರ ಕಣ್ಣಿಗೆ ಹತ್ಲಿಲ್ಲ, ಆಮೇಲೆ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸ್ಕೊಂಡು ಬಂದು ಕೆಂಪು ಪೆನ್ನು ಹಿಡ್ಕೊಂಡು ವರಾಂಡದಲ್ಲಿ ಕೂತೆ, ನಿಮ್ಮತ್ತೆ ನೋಡಿ ಏನ್ರೀ ಈ ವಯಸ್ಸಲ್ಲಿ ಪರೀಕ್ಷೆಗೆ ಕಟ್ಟಿದೀರಾ ಅಂತ ನಕ್ಕಳು. ಟಾಟಾ ಇನ್‌ಸ್ಟಿಟ್ಯೂಟಲ್ಲಿ ಸೀಟು ಸಿಕ್ಕಿದ್ದು ಎಲ್ಲರಿಗೂ ಖುಷಿನೇ (ನೀವೆಲ್ಲಾ ಐಐಎಸ್ಸಿ ಅಂತೀರಾ, ನನ್ನ ಬಾಯಿಗೆ ಇನ್ನೂ ಟಾಟಾ ಇನ್‌ಸ್ಟಿಟ್ಯೂಟೇ ಬರೋದು). ನಿಮ್ಮಮ್ಮ ಮಾತ್ರ ಐದು ವರ್ಷ ಓದಾ, ಮದುವೆ ಯಾವಾಗ ಅಂತ ನನ್ನ ತಲೆ ತಿಂತಿದಾಳೆ. ಅದನ್ನ ನನಗೆ ಬಿಡು, ಅಣ್ಣ ಹೇಳಿದ್ರೆ ಒಂದು ವರ್ಷನಾದ್ರೂ ಸುಮ್ನಿರ್ತಾಳೆ.

ಪ್ರಪೋಸಲ್ ವಿಷಯಕ್ಕೆ ಬರ್ತೀನಿ. ಕಂಟ್ರೋಲ್ ಸಿಸ್ಟಮ್ಸು (ಯಂತ್ರನ ಹದದಲ್ಲಿ ಇಡೋ ವಿದ್ಯೆ), ಸಪ್ಲೈ ಚೈನು, ಪಬ್ಲಿಕ್ ಪಾಲಿಸಿ, ಮೂರನ್ನೂ ಸೇರಿಸಿ ಬೆಂಗಳೂರಿನ ನೀರಿನ ಮೇಲೆ ಕೆಲಸ ಮಾಡ್ತೀನಿ ಅಂದಿದೀಯ, ಐಡಿಯಾ ಚೆನ್ನಾಗಿದೆ, ಆದ್ರೆ ಎಂಟು ಚಾಪ್ಟರಲ್ಲಿ ಏಳು ಮಾಡೆಲ್ಲು, ಕೊನೇದೊಂದು ಪಾಲಿಸಿ ರೆಕಮೆಂಡೇಶನ್ ಅಂತ ಇಟ್ಟಿದೀಯಲ್ಲ, ಅದು ಎಲೆ ಎತ್ತೋ ಹೊತ್ತಿಗೆ ಪಾಯಸ ತಂದಂಗೆ. ಅಷ್ಟು ಹೊತ್ತಿಗೆ ಜನ ಕೈ ತೊಳ್ಕೊಂಡು ಹೋಗಿರ್ತಾರೆ. ಇನ್ನೊಂದು, ಆ ಏಳು ಚಾಪ್ಟರಲ್ಲಿ ಎಲ್ಲೂ ಒಬ್ಬ ಮನುಷ್ಯ ಇಲ್ಲ. ಬರೀ ಪಂಪು, ಪೈಪು, ಟ್ಯಾಂಕು, ಡಿಮ್ಯಾಂಡು.

ನಿನಗೆ ಈ ಕಥೆ ಹೇಳಿದೀನೋ ಇಲ್ವೋ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದು, 1983, ಪೀಣ್ಯದ ಕಡೆ ಒಂದು ಕಾರ್ಖಾನೆ, ಹೆಸರು ಬೇಡ ಬಿಡು, ಮುಚ್ಚಿ ಎಷ್ಟೋ ವರ್ಷ ಆಯ್ತು. ಇನ್‌ಸ್ಟ್ರುಮೆಂಟೇಶನ್ ಸೆಕ್ಷನ್‌ಗೆ ಹಾಕಿದ್ರು. ಅಲ್ಲೊಂದು ಎಣ್ಣೆ ಬರ್ನರಿನ ಫರ್ನೇಸು, ಸ್ಟೀಲ್ ಶಾಫ್ಟುಗಳನ್ನ ಕಾಯ್ಸಿ ಗಟ್ಟಿ ಮಾಡೋದು, 850 ಡಿಗ್ರೀಲಿ ನಿಲ್ಲಬೇಕು. ಗೋಡೆ ಮೇಲೆ ರೌಂಡ್ ಚಾರ್ಟ್ ರೆಕಾರ್ಡರು, ದಿನಕ್ಕೊಂದು ದುಂಡಗಿನ ಪೇಪರು, ಅದರ ಮೇಲೆ ಕೆಂಪು ಇಂಕಿನ ಪೆನ್ನು ಓಡ್ತಾ ಇರತ್ತೆ. ಕಂಟ್ರೋಲರ್ ಕೆಟ್ಟಿತ್ತು, ಕೈಯಲ್ಲೇ ವಾಲ್ವ್ ತಿರುಗಿಸಬೇಕಿತ್ತು. ನಾನು ಇಂಜಿನಿಯರಿಂಗ್ ಮುಗಿಸ್ಕೊಂಡು ಬಂದೋನು, ಕಂಟ್ರೋಲರ್ ಹದ ಮಾಡೋಕೆ ಝೀಗ್ಲರ್ ನಿಕಲ್ಸ್ ಅನ್ನೋ ಇಬ್ಬರು 1942ರಲ್ಲಿ ಕೊಟ್ಟ ಟ್ಯೂನಿಂಗ್ ರೂಲ್ಸ್ ಬಾಯಿಪಾಠ, ಎಲ್ಲಾ ಗೊತ್ತು ಅನ್ನೋ ಧಿಮಾಕು. ಪೆನ್ನು 830ಕ್ಕೆ ಇಳೀತು, ವಾಲ್ವ್ ಸ್ವಲ್ಪ ತೆಗೆದೆ. ಏನೂ ಆಗ್ಲಿಲ್ಲ. ಇನ್ನೂ ತೆಗೆದೆ. ಆಗ್ಲಿಲ್ಲ. ಇನ್ನೊಂದು ಸುತ್ತು. ಆಮೇಲೆ ನೋಡು, ಸರ್ರಂತ 890 ದಾಟ್ತು, ಗಾಬರಿಯಾಗಿ ಪೂರ್ತಿ ಮುಚ್ದೆ, ಅದು ಇಳಿಯೋದೇ ಇಲ್ಲ, ಆಮೇಲೆ ಇಳೀತು ನೋಡು 800ಕ್ಕೆ. ಮಧ್ಯಾಹ್ನದ ಹೊತ್ತಿಗೆ ಚಾರ್ಟಲ್ಲಿ ಗರಗಸದ ಹಲ್ಲು ಬಿಡಿಸಿದ್ದೆ, ಒಂದು ಬ್ಯಾಚ್ ಶಾಫ್ಟು ಸ್ಕ್ರ್ಯಾಪಿಗೆ ಹೋಯ್ತು. ಫೋರ್‌ಮನ್ ಇದ್ರು, ಓದಿದ್ದು ನಾಲ್ಕನೇ ಕ್ಲಾಸು, ಹತ್ರ ಬಂದು ಮೆಲ್ಲಗೆ ಹೇಳಿದ್ರು: "ಸಾರ್, ಅರ್ಧ ಸುತ್ತು ತಿರುಗ್ಸಿ ಒಂದು ಬೀಡಿ ಸೇದಿ ಬನ್ನಿ, ಆಮೇಲೆ ಬೇಕಾದ್ರೆ ಇನ್ನರ್ಧ ತಿರುಗ್ಸಿ."

ಒಂದು ಬೀಡಿ ಟೈಮು! ಅದು ಆ ಫರ್ನೇಸಿನ ಡೆಡ್‌ಟೈಮ್ ಕಣೇ, ವಾಲ್ವ್ ತಿರುಗಿಸಿದ್ದಕ್ಕೂ ಫಲ ಕಾಣೋದಕ್ಕೂ ನಡುವಿನ ಹೊತ್ತು. ಪುಸ್ತಕದಲ್ಲಿ ಗ್ರೀಕ್ ಅಕ್ಷರದಲ್ಲಿ ಬರೀತಾರಲ್ಲ ಅದೇ. ಕಾಯದೆ ಕೈ ಹಾಕಿ ಹಿಂಗೆ ಮೇಲೆ ಕೆಳಗೆ ತೂಗಾಡೋದಕ್ಕೆ ನಾವು ಪ್ಲಾಂಟಲ್ಲಿ ಹಂಟಿಂಗ್ ಅಂತಿದ್ವಿ, ಫರ್ನೇಸು ಹಂಟಿಂಗ್ ಹೊಡೀತಾ ಇದೆ ಅಂತ. ತಪ್ಪು ಬರ್ನರಿಂದಲ್ಲ, ತಾಳ್ಮೆ ಇಲ್ಲದ ನನ್ನ ಕೈಯಿಂದ. ಆಮೇಲೆ ತಿಂಗಳಾದ್ಮೇಲೆ ಬಿಸಿ ಅಳೆಯೋ ಥರ್ಮೋಕಪಲ್ ಬಿಚ್ಚಿ ನೋಡಿದ್ರೆ ಅದರ ಕವಚ ಹೆಬ್ಬೆರಳು ದಪ್ಪ, ಮೇಲೆ ಪದರ ಪದರ ಕಿಟ್ಟ. ತೆಳುವಾದ್ದು ಹಾಕಿಸ್ದೆ, ಬೀಡಿ ಅರ್ಧಕ್ಕೆ ಇಳೀತು. ಇದನ್ಯಾಕೆ ಹೇಳ್ತಿದೀನಿ ಅಂದ್ರೆ, ನಿನ್ನ ಮಾಡೆಲ್ಲಲ್ಲಿ ಡಿಲೇ ಅನ್ನೋದು ಎಲ್ಲೋ ಒಂದು ಕಡೆ "ಅಸ್ಯೂಮ್ಡ್ ನೆಗ್ಲಿಜಿಬಲ್", ಅಂದ್ರೆ ಲೆಕ್ಕಕ್ಕಿಲ್ಲ, ಅಂತ ಬಂದು ಹೋಗಿದೆ. ಅಲ್ಲೇ ನಾನು ಕೆಂಪು ಪೆನ್ನಲ್ಲಿ ಮೂರು ಗೆರೆ ಎಳೆದಿದ್ದು.

ನಿನ್ನ ಮೂರು ಸಬ್ಜೆಕ್ಟನ್ನ ಒಟ್ಟಿಗೆ ಕಟ್ಟಿದೋನು ಫಾರೆಸ್ಟರ್ ಅಲ್ವಾ, ಅಮೆರಿಕದ ಎಂಐಟಿಯವನು. ಯುದ್ಧದ ಕಾಲದಲ್ಲಿ ಸರ್ವೋ ಮೆಕ್ಯಾನಿಸಂ, ಅಂದ್ರೆ ತಪ್ಪನ್ನ ತಾನೇ ನೋಡಿ ತಿದ್ಕೊಳ್ಳೋ ಯಂತ್ರ, ಮಾಡ್ತಿದ್ದೋನು. ಜನರಲ್ ಎಲೆಕ್ಟ್ರಿಕ್‌ನವರು ಬಂದು ನಮ್ಮ ಕೆಂಟಕಿ ಫ್ಯಾಕ್ಟರೀಲಿ ಮೂರು ವರ್ಷಕ್ಕೊಂದ್ಸಲ ಒಮ್ಮೆ ಓವರ್‌ಟೈಮು ಒಮ್ಮೆ ಲೇಆಫು ಆಗ್ತಿದೆ, ಮಾರ್ಕೆಟ್ ಕಾರಣ ಇರಬೇಕು ಅಂದ್ರಂತೆ. ಅವನು ಪೇಪರ್ ಪೆನ್ಸಿಲ್ ತಗೊಂಡು ಆರ್ಡರು, ಸ್ಟಾಕು, ಕೆಲಸಗಾರರು ಅಂತ ಕಾಲಂ ಹಾಕಿ ಲೆಕ್ಕ ಮಾಡಿದ್ರೆ, ಹೊರಗಿನ ಡಿಮ್ಯಾಂಡ್ ಸಮವಾಗಿದ್ರೂ ಒಳಗಿನ ನಿರ್ಧಾರ ಮತ್ತೆ ಡಿಲೇಯಿಂದಲೇ ಅದು ತೂಗಾಡತ್ತೆ ಅಂತ ಬಂತು. ನನ್ನ ಫರ್ನೇಸೇ ಅದು! 1961ರಲ್ಲಿ ಪುಸ್ತಕ ಬರೆದ. ಪಿ ಅಂಡ್ ಜಿ ಕಂಪನಿಯವರ ಡಯಾಪರ್ ಕಥೆನೂ ನಿನಗೆ ಗೊತ್ತಿರತ್ತೆ, ಮಗು ಒದ್ದೆ ಮಾಡೋದು ದಿನಾ ಒಂದೇ ಲೆಕ್ಕ, ಆದ್ರೆ ಅಂಗಡಿಯಿಂದ ಹೋಲ್‌ಸೇಲು, ಅಲ್ಲಿಂದ ಫ್ಯಾಕ್ಟರಿಗೆ ಹೋಗೋ ಹೊತ್ತಿಗೆ ಆರ್ಡರ್ ಮಾತ್ರ ಚಾಟಿ ಬೀಸಿದಂಗೆ ಮೇಲೆ ಕೆಳಗೆ. ಇದೇ ಫಾರೆಸ್ಟರ್ 1969ರಲ್ಲಿ ಫ್ಯಾಕ್ಟರಿ ಬಿಟ್ಟು ಇಡೀ ಊರಿಗೇ ಮಾಡೆಲ್ ಕಟ್ಟಿದ, ಬಡವರಿಗೆ ಅಗ್ಗದ ಮನೆ ಕಟ್ಟಿಕೊಟ್ರೆ ಊರು ಇನ್ನೂ ಕೆಡುತ್ತೆ ಅಂತ ಉತ್ತರ ಬಂತು, ಜನ ಉರಿದುಬಿದ್ರು. ಅವನ ಗಣಿತದ ತಪ್ಪು ಹುಡುಕೋಕೆ ನನಗೆ ಯೋಗ್ಯತೆ ಇಲ್ಲ. ಆದ್ರೆ ಫರ್ನೇಸಿಗೆ ತನ್ನ ಬಗ್ಗೆ ಮಾಡೆಲ್ ಕಟ್ಟಿದಾರೆ ಅಂತ ಗೊತ್ತಾಗಲ್ಲ, ಊರಿಗೆ ಗೊತ್ತಾಗತ್ತೆ. ಅಷ್ಟು ವ್ಯತ್ಯಾಸ ಇದೆ.

ಈಗ ನಮ್ಮ ರೋಡಿಗೆ ಬಾ. ಕಾವೇರಿ ನೀರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಹತ್ರ ಹತ್ರ 500 ಮೀಟರ್ ಮೇಲಕ್ಕೆ ಎತ್ತಿ ತರ್ತಾರೆ. ಅಷ್ಟೆಲ್ಲಾ ದೊಡ್ಡ ಯಂತ್ರ. ಅದರ ಕೊನೆಯ ಕಂಟ್ರೋಲರ್ ಯಾರು ಗೊತ್ತಾ? ಬೆಳಗಿನ ಜಾವ ನಾಲ್ಕೂವರೆಗೆ ಹಳೇ ಮೊಪೆಡ್‌ನಲ್ಲಿ ಬರೋ ವಾಲ್ವ್‌ಮನ್ನು. ಟೀ ಆಕಾರದ ಉದ್ದನೇ ಕಬ್ಬಿಣದ ಕೀ ತೆಗೆದು ರಸ್ತೆ ಮಧ್ಯದ ಚೇಂಬರಿಗೆ ಇಳಿಸಿ ತಿರುಗಿಸ್ತಾನೆ. ನಾನು ವಾಕಿಂಗ್ ಹೋಗುವಾಗ ಎಷ್ಟೋ ದಿನ ನಿಂತು ನೋಡಿದೀನಿ. ನಮ್ಮ ಕ್ರಾಸಿಗೆ ಒಂಬತ್ತು ಸುತ್ತು, ಕೆಳಗಿನ ಕ್ರಾಸಿಗೆ ಆರೇ. ಯಾಕಪ್ಪಾ ಅಂದ್ರೆ, "ಕೆಳಗಡೆ ತಾನಾಗೇ ಹೋಗತ್ತೆ ಸಾರ್, ನಿಮ್ಮದು ಏರು, ಅದೂ ಅಲ್ದೆ ಕೊನೆ ಮನೆ ಅಜ್ಜಿ ಬೈತಾರೆ" ಅಂದ. ಪ್ರೆಶರ್ ಗೇಜು, ಫ್ಲೋ ಮೀಟರು, ಕಂಪ್ಲೇಂಟ್ ಸೆಲ್ಲು ಎಲ್ಲಾ ಆ ಅಜ್ಜಿನೇ. ನಿನ್ನ ಮಾಡೆಲ್ಲಲ್ಲಿ ಅಜ್ಜಿ ಎಲ್ಲಿದಾರೆ?

ನೆಕ್ಸ್ಟ್‌ಡ್ರಾಪ್ ಅಂತ ಒಂದು ಕಂಪನಿ ಇತ್ತು, ಹುಬ್ಬಳ್ಳಿ ಧಾರವಾಡದಲ್ಲಿ ವಾಲ್ವ್‌ಮನ್‌ಗಳಿಂದ ಮಾಹಿತಿ ತಗೊಂಡು ಇಂಥ ಹೊತ್ತಿಗೆ ನೀರು ಬಿಡ್ತಾರೆ ಅಂತ ಮನೆಗಳಿಗೆ ಎಸ್ಸೆಮ್ಮೆಸ್ ಕಳಿಸ್ತಿದ್ರು, ಆಮೇಲೆ ಬೆಂಗಳೂರಿಗೂ ತಂದ್ರು. ಇಲ್ಲಿ ಅದನ್ನ ರಿಸರ್ಚ್‌ನವರು ಪರೀಕ್ಷೆ ಮಾಡಿ ನೋಡಿದಾಗ ಅಂದ್ಕೊಂಡಷ್ಟು ಉಪಯೋಗ ಕಾಣಲಿಲ್ಲ, ಅದಕ್ಕೊಂದು ಕಾರಣ ವಾಲ್ವ್‌ಮನ್‌ಗಳೇ ಎಷ್ಟೋ ಸಲ ತಿಳಿಸ್ತಿರಲಿಲ್ಲ. ಅವನ ಜಾಗದಲ್ಲಿ ನಿಂತು ಯೋಚನೆ ಮಾಡು, ಐದಕ್ಕೆ ಬಿಡ್ತೀನಿ ಅಂತ ಮೆಸೇಜ್ ಹಾಕಿ ಆರಕ್ಕೆ ಬಿಟ್ರೆ ಬೈಸ್ಕೊಳ್ಳೋನು ಯಾರು? ಈ ಪೇಪರ್ ಹುಡುಕಿ ಓದು, ನಿನ್ನ ರೆಫರೆನ್ಸಲ್ಲಿ ಕಾಣಲಿಲ್ಲ.

ಮತ್ತೆ ಸಂಪು. ದಿನ ಬಿಟ್ಟು ದಿನ ನೀರು ಅಂದ್ರೆ ಜನ ಏನು ಮಾಡ್ತಾರೆ, ಸಂಪ್ ಕಟ್ತಾರೆ. ಎರಡು ದಿನ ತಪ್ಪಿದ್ರೆ ಇನ್ನೂ ದೊಡ್ಡ ಸಂಪು. ನಮ್ಮ ಪಕ್ಕದ ಹೊಸ ಬಿಲ್ಡಿಂಗ್‌ನವರದ್ದು ಮನೆಗಿಂತ ಸಂಪೇ ದೊಡ್ಡದು ಅನ್ಸತ್ತೆ. ಕೆಲವರು ಕಳ್ಳತನದಲ್ಲಿ ಲೈನಿಗೇ ಮೋಟಾರ್ ಹಾಕಿ ಎಳೀತಾರೆ. ನೀರು ಬಿಟ್ಟ ತಕ್ಷಣ ಎಲ್ಲಾ ಸಂಪೂ ಒಟ್ಟಿಗೆ ಬಾಯಿ ತೆಗೆದ್ರೆ ಏರಿನ ಮನೆಗೆ ಪ್ರೆಶರ್ ಎಲ್ಲಿಂದ ಬರ್ಬೇಕು, ಅವರಿಗೆ ಬರಲಿಲ್ಲ ಅಂತ ಅವರೂ ದೊಡ್ಡದು ಕಟ್ಟಿಸ್ತಾರೆ. ಕಷ್ಟಕಾಲಕ್ಕೆ ಇಟ್ಕೊಳ್ಳೋದಕ್ಕೆ ನೀವು ಸೇಫ್ಟಿ ಸ್ಟಾಕ್ ಅಂತೀರಲ್ಲ, ಒಂದೊಂದು ಮನೆಗೂ ಅದು ಬುದ್ಧಿವಂತಿಕೆನೇ, ಇಡೀ ರೋಡಿಗೆ ಅದೇ ಕಾಯಿಲೆ. ನಾನೂ ಕಟ್ಟಿಸಿದೀನಿ, ಬೇರೆಯವರನ್ನ ಬೈಯ್ಯೋ ಹಕ್ಕು ನನಗಿಲ್ಲ.

2024ರ ಮಾರ್ಚ್ ನೆನಪಿದೆಯಲ್ಲ. ಊರಿನ 13,900 ಬೋರ್‌ವೆಲ್ಲಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳ್ತು. ಟ್ಯಾಂಕರ್ ರೇಟು ಆಕಾಶಕ್ಕೆ ಹೋಯ್ತು, ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗಾದ್ರೆ 600 ರೂಪಾಯಿ, 12,000 ಲೀಟರಿಗೆ 1,000 ಅಂತ ದರ ಕಟ್ಟಿತು. ನಿಮ್ಮತ್ತೆ ತಂಗಿ ಇರೋ ಅಪಾರ್ಟ್ಮೆಂಟಿಗೆ ದಿನಾ ಬರ್ತಿದ್ದ ಟ್ಯಾಂಕರ್‌ನವನು ಅವತ್ತಿಂದ ಫೋನೇ ಎತ್ತಲಿಲ್ಲ. ಎತ್ತಿದಾಗ ಆರ್ನೂರಕ್ಕೆ ನಾಳಿದ್ದು, ಸಾವಿರದ ಐನೂರಕ್ಕೆ ಇವತ್ತೇ ಅಂದನಂತೆ. ದರ ಕಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ, ಲೂಟಿ ಆಗ್ತಾ ಇರುವಾಗ ಸುಮ್ನೆ ಕೂರಕ್ಕಾಗತ್ತಾ. ಸೆಟ್‌ಪಾಯಿಂಟ್, ಅಂದ್ರೆ ಎಲ್ಲಿ ನಿಲ್ಲಬೇಕು ಅನ್ನೋ ಗುರಿ, ಬರೆದಿಟ್ಟು ವಾಲ್ವಿಗೆ ಕೈ ಸಿಗದಿದ್ರೆ ಏನಾಗತ್ತೆ ಅಂತ ಹೇಳ್ದೆ ಅಷ್ಟೇ. 2023ರಲ್ಲಿ ಅನ್ನಭಾಗ್ಯಕ್ಕೂ ಹಂಗೇ ಆಯ್ತಲ್ಲ, ಇನ್ನೂ 5 ಕೇಜಿ ಅಕ್ಕಿ ಕೊಡ್ತೀವಿ ಅಂತ ಮಾತು ಕೊಟ್ಟಾಗಿತ್ತು, ಕೇಂದ್ರದಿಂದ ಅಕ್ಕಿ ಸಿಗಲಿಲ್ಲ, ಕೊನೆಗೆ ಕೇಜಿಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕಿದ್ರು. ಅದನ್ನ ಜನ ಬೈದ್ರು, ನನಗೆ ಮಾತ್ರ ಆ ಇಕ್ಕಟ್ಟಲ್ಲಿ ಅದು ಕೆಟ್ಟ ಉಪಾಯ ಅನ್ಸಲಿಲ್ಲ.

ಇನ್ನು ಡಿಲೇ ಅಂದ್ರೆ ಇದನ್ನ ನೋಡು. 110 ಹಳ್ಳಿ ಬಿಬಿಎಂಪಿಗೆ ಸೇರಿದ್ದು 2007. ಅವುಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರು, ಚಾಲೂ ಆಗಿದ್ದು 2024ರ ಅಕ್ಟೋಬರ್. ಹದಿನೇಳು ವರ್ಷ! ಎಷ್ಟು ಬೀಡಿ ಸೇದಬೇಕು ಹೇಳು. ಅಷ್ಟರೊಳಗೆ ಜನ ಕಾಯ್ತಾ ಕೂತಿರ್ತಾರಾ, ಬೋರ್ ಕೊರೆಸಿದ್ರು, ಟ್ಯಾಂಕರ್ ಕರೆಸಿದ್ರು, ಅದೇ ಒಂದು ದೊಡ್ಡ ವ್ಯಾಪಾರ ಆಯ್ತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಬಾಗಿಲು ಬರೋ ಹೊತ್ತಿಗೆ ಗೋಡೆಲೆಲ್ಲಾ ಕಿಂಡಿ ಕೊರೆದಾಗಿತ್ತು. ನೀನು ಒಂದೇ ಒಂದು ವಿಷಯ ತಗೋಬೇಕು ಅಂದ್ರೆ ಆ ಕಿಂಡಿ ತಗೋ. ಪೈಪಿನ ನೀರು ಬಂದ್ಮೇಲೆ ಯಾವ ಬೀದಿಯವರು ಎಷ್ಟು ದಿನಕ್ಕೆ ಟ್ಯಾಂಕರ್ ಬಿಟ್ರು, ಯಾರು ಬಿಡಲಿಲ್ಲ, ಯಾಕೆ ಬಿಡಲಿಲ್ಲ. ನಂಬಿಕೆ ವಾಪಸ್ ಬರೋದಕ್ಕೆ ಎಷ್ಟು ಡಿಲೇ ಅಂತ ಯಾರಾದ್ರೂ ಅಳೆದ್ರೆ ನನಗೆ ಓದೋ ಆಸೆ.

ಕರೋನಾ ಎರಡನೇ ಅಲೇಲಿ ಆಕ್ಸಿಜನ್ ಗೋಳು ನೀನು ಹಾಸ್ಟೆಲಿಂದ ಬಂದು ನೋಡಿದೀಯ, ನಾನು ಬೇರೆ ಹೇಳಬೇಕಾಗಿಲ್ಲ. ಆದ್ರೆ ಒಂದು ಗಮನಿಸು, ತಯಾರಿ ಹೆಚ್ಚಿದ್ದಿದ್ದು ಪೂರ್ವದ ಸ್ಟೀಲ್ ಪ್ಲಾಂಟುಗಳ ಕಡೆ, ಬೇಕಾಗಿದ್ದು ಇಲ್ಲಿ. ಕಮ್ಮಿ ಬಿದ್ದಿದ್ದು ಗಾಳಿಗಿಂತ ಹೆಚ್ಚಾಗಿ ಟ್ಯಾಂಕರು. ಖಾಲಿ ಟ್ಯಾಂಕರನ್ನ ಏರ್‌ಫೋರ್ಸ್ ವಿಮಾನದಲ್ಲಿ ವಾಪಸ್ ಕಳಿಸಿದ್ರು, ತುಂಬಿದ್ದನ್ನ ಹಾರಿಸೋ ಹಾಗಿಲ್ವಲ್ಲ, ಅದು ರೈಲಲ್ಲಿ ಬಂತು, 2021ರ ಮೇ 11ಕ್ಕೆ ಟಾಟಾನಗರದಿಂದ 120 ಟನ್ನು ವೈಟ್‌ಫೀಲ್ಡಿಗೆ. ಹೋಗಿ ಬರೋ ಟೈಮನ್ನ ಕತ್ತರಿಸಿದ್ರು ನೋಡು, ಅದು ಕಂಟ್ರೋಲ್ ಇಂಜಿನಿಯರ್ ಬುದ್ಧಿ. ಅದೇ ಹೊತ್ತಲ್ಲಿ ಹೈಕೋರ್ಟು ರಾಜ್ಯದ ಪಾಲನ್ನ ದಿನಕ್ಕೆ 1,200 ಟನ್‌ಗೆ ಏರಿಸಿ ಅಂತ ಹೇಳಬೇಕಾಯ್ತು. ಹಂಚಿಕೆ ನ್ಯಾಯವಾಗಿದೆಯಾ ಅನ್ನೋದನ್ನ ಯಾವ ಆಪ್ಟಿಮೈಸೇಶನ್ನೂ (ಅತ್ಯುತ್ತಮ ಉತ್ತರ ಹುಡುಕೋ ಲೆಕ್ಕ) ಹೇಳಲ್ಲ ಪುಟ್ಟಿ. ಅದನ್ನ ಆಬ್ಜೆಕ್ಟಿವ್ ಫಂಕ್ಷನ್‌ಗೆ, ಅಂದ್ರೆ ಆ ಲೆಕ್ಕದ ಗುರಿಗೆ, ಯಾರೋ ಮೊದಲೇ ಬರೆದಿರ್ತಾರೆ, ಯಾರು ಬರೆದ್ರು ಅಂತ ಕೇಳೋದು ನಿನ್ನ ಕೆಲಸ.

ನಮ್ಮಲ್ಲಿ ಸರಳವಾಗಿ ಮಾಡಿದೋರೂ ಇದಾರೆ. ವಿಶ್ವೇಶ್ವರಯ್ಯನವರು ನೀರು ಏರಿದ್ರೆ ತನ್ನಷ್ಟಕ್ಕೆ ತೆಗೆಯೋ, ಇಳಿದ್ರೆ ಮುಚ್ಚೋ ಗೇಟನ್ನ 1903ರಲ್ಲೇ ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿ ಹಾಕಿಸಿದ್ರು, ಆಮೇಲೆ ಕೆಆರ್‌ಎಸ್‌ಗೂ ಬಂತು. ನಂದಿನಿಯವರು 2024ರ ಜೂನ್‌ನಲ್ಲಿ ಹಾಲು ಜಾಸ್ತಿ ಬಂದಾಗ ಪ್ಯಾಕೆಟ್ಟಿಗೆ 50 ಎಂಎಲ್ ಜಾಸ್ತಿ ತುಂಬಿ 2 ರೂಪಾಯಿ ಏರಿಸಿದ್ರು, ರೈತನ ಹಾಲು ವಾಪಸ್ ಕಳಿಸದೆ ನಮ್ಮ ಕಾಫಿಗೇ ಸುರಿಸಿದ್ರು. ನಿಮ್ಮತ್ತೆ ಕೇಳದೇ ಇರೋ ಹಾಲಿಗೆ ದುಡ್ಡು ಯಾಕ್ರೀ ಅಂತ ಒಂದು ವಾರ ಗೊಣಗಿದ್ಳು.

ಅದಕ್ಕೇ ನನ್ನ ಮಾತು ಕೇಳೋದಾದ್ರೆ, ಮೊದಲ ಮೂರು ತಿಂಗಳು ಲ್ಯಾಪ್‌ಟಾಪ್ ಬೀರೂಲಿಡು. ಒಂದು ವಾರ್ಡ್ ಹಿಡಿ, ಇಡೀ ಊರು ಬೇಡ. ವಾಲ್ವ್‌ಮನ್ ಹಿಂದೆ ತಿರುಗು, ಟ್ಯಾಂಕರ್ ತುಂಬೋ ಬೋರ್ ಹತ್ರ ಕೂತ್ಕೋ, ಒಬ್ಬಳೇ ಹೋಗ್ಬೇಡ, ನಾನು ಬರ್ತೀನಿ, ನನಗೂ ಕೆಲಸ ಇಲ್ಲ. ಇಲಾಖೆಯವರ ಹತ್ರ ಹೋದಾಗ ನಿಮ್ಮ ಸಿಸ್ಟಂ ಸರಿಯಿಲ್ಲ ಅಂತ ಶುರು ಮಾಡಬೇಡ, ಬೇಸಿಗೇಲಿ ಬೆಳಗ್ಗೆಯಿಂದ ರಾತ್ರಿವರೆಗೂ ಬೈಸ್ಕೊಂಡು ಕೂತಿರ್ತಾರೆ, ಒಂದು ಕಾಫಿ ಕುಡ್ಸಿ ನಿಮಗೆ ಏನು ಗೊತ್ತಾಗಲ್ಲ, ಯಾವಾಗ ಗೊತ್ತಾಗತ್ತೆ ಅಂತ ಕೇಳು, ಅಲ್ಲೇ ನಿನ್ನ ಸೆನ್ಸರ್ ಡಿಲೇ ಸಿಗತ್ತೆ. ಗೈಡ್ ಪೇಪರ್ ಯಾವಾಗ, ಪೇಪರ್ ಯಾವಾಗ ಅಂತ ಕೇಳ್ತಾರೆ, ಕೇಳ್ಲಿ, ಅವರಿಗೂ ಮೇಲಿಂದ ಕೇಳ್ತಿರ್ತಾರೆ.

ಪ್ರಿಂಟ್ ಮೇಲೆ ಬರೆದಿದ್ದು ಇನ್ನೂ ಇದೆ, ಟೈಪ್ ಮಾಡಕ್ಕೆ ಬೆರಳು ನೋಯತ್ತೆ. ಶನಿವಾರ ರಾತ್ರಿನೇ ಬಂದು ಇಲ್ಲೇ ಮಲ್ಕೋ, ಭಾನುವಾರ ನಮ್ಮ ಕ್ರಾಸಿಗೆ ಕಾವೇರಿ ಬಿಡೋ ದಿನ, ನಾಲ್ಕೂಕಾಲಿಗೆ ಎಬ್ಬಿಸ್ತೀನಿ. ಸ್ವೆಟರ್ ತಾ. ನಿಮ್ಮಮ್ಮನ ಹತ್ರ ನಮ್ಮನೆ ಎರಡು ಸ್ಟೀಲ್ ಡಬ್ಬ ಉಳ್ಕೊಂಡಿದೆಯಂತೆ, ಅದನ್ನೂ ತರಬೇಕಂತೆ, ನಿಮ್ಮತ್ತೆ ಹೇಳ್ತಿದಾಳೆ.

ನಿನ್ನ ಮಾಮ