ಗಾಳಿಯ ಅಂಕಿಯ ಜೊತೆ ಏಕಮಾನವೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಉಡುಪಿಯಿಂದ ಮಂಗಳೂರಿಗೆ ಹೊರಟವನು ಹೆದ್ದಾರಿ ಬದಿಯ ಪೆಟ್ರೋಲ್ ಬಂಕೊಂದರಲ್ಲಿ ಕಾರಿನ ಟಯರುಗಳಿಗೆ ಗಾಳಿ ಹಾಕಿಸಿಕೊಂಡೆ. ರೂಢಿಯಂತೆ ‘ನಾಲ್ಕಕ್ಕೂ ಮೂವತ್ತಮೂರು’ ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕ. ಅಲ್ಲಿನ ಯಂತ್ರ ‘ಬಾರ್’ ಎಂಬ ಇನ್ನೊಂದು ಏಕಮಾನದ ಲೆಕ್ಕದಲ್ಲಿತ್ತು. ಅದು 33ನ್ನು ತೆಗೆದುಕೊಳ್ಳದಿದ್ದಾಗ, ಕೆಲಸಕ್ಕೆ ಹೊಸಬನಾಗಿದ್ದ ಹುಡುಗ ನಡುವೆ ಚುಕ್ಕಿಯಿಟ್ಟು 3.3 ಮಾಡಿಬಿಟ್ಟ. ಕಾಪು ದಾಟುವಷ್ಟರಲ್ಲಿ ಸಣ್ಣ ಗುಂಡಿಗೂ ಕಾರು ಪುಟಿಯತೊಡಗಿದ್ದರಿಂದ ಅನುಮಾನಗೊಂಡು ಬೇರೆಡೆ ನೋಡಿಸಿದರೆ, ಒಂದೊಂದರಲ್ಲೂ ಸುಮಾರು 48 ಪಿಎಸ್‌ಐ ಇತ್ತು. ಹುಡುಗನನ್ನು ದೂರಿ ಫಲವಿಲ್ಲ. ಏಕಮಾನ ಬಿಟ್ಟು ಬರಿಯ ಅಂಕಿ ಹೇಳಿದವನು ನಾನೇ.

ನಮ್ಮಲ್ಲಿ ಒತ್ತಡಕ್ಕೆ ಒಬ್ಬೊಬ್ಬರದು ಒಂದೊಂದು ಭಾಷೆ. ಟಯರಿನವರದು ಪಿಎಸ್‌ಐ, ಪ್ಲಂಬರನದು ‘ಕೆಜಿ’, ವೈದ್ಯರದು ಪಾದರಸದ ಮಿಲಿಮೀಟರ್, ಕಾರಿನ ಬಾಗಿಲಿಗೆ ಅಂಟಿಸಿದ ಚೀಟಿಯದು ಹೆಚ್ಚಾಗಿ ಕಿಲೋಪಾಸ್ಕಲ್. ಪರಿವರ್ತನೆ ಕಷ್ಟವೇನಲ್ಲ. ಕಿಲೋಪಾಸ್ಕಲನ್ನು 100ರಿಂದ ಭಾಗಿಸಿದರೆ ಬಾರ್, ಬಾರನ್ನು 14.5ರಿಂದ ಗುಣಿಸಿದರೆ ಪಿಎಸ್‌ಐ. ಪ್ಲಂಬರನ ಕೆಜಿ ಎಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಭಾರ. ಅದು ಬಾರ್‌ಗಿಂತ ನೂರಕ್ಕೆ ಎರಡರಷ್ಟು ಮಾತ್ರ ಕಡಿಮೆಯಾದ್ದರಿಂದ ಟಯರಿನ ಮಟ್ಟಿಗೆ ಎರಡನ್ನೂ ಒಂದೇ ಎಂದುಕೊಂಡರೂ ನಡೆಯುತ್ತದೆ. ಹತ್ತು ಮೀಟರ್ ಎತ್ತರದ ಟಾಂಕಿಯಿಂದ ಇಳಿಯುವ ನೀರು ಕೆಳಗಿನ ನಲ್ಲಿಯಲ್ಲಿ ಈ ಒಂದು ಕೆಜಿ ಒತ್ತಡವನ್ನೇ ಕೊಡುತ್ತದೆ. 120 ಎಂದು ನಾವು ಹೇಳಿಕೊಳ್ಳುವ ಬಿಪಿಯಾದರೋ ಕಿಲೋಪಾಸ್ಕಲಿನಲ್ಲಿ ಬರೇ 16.

ಅಂಕಗಣಿತಕ್ಕಿಂತ ಹೆಚ್ಚು ಎಡವಿಸುವುದು ಎಲ್ಲಿಂದ ಅಳೆಯುತ್ತೇವೆ ಎಂಬ ವಿಷಯ. ಪೂರ್ತಿ ಗಾಳಿ ಹೋದ ಟಯರಿಗೆ ಮಾಪಕ ಸೊನ್ನೆ ತೋರಿಸುತ್ತದೆಯಾದರೂ ಒಳಗೆ ವಾತಾವರಣದ ಒತ್ತಡ, ಅಂದರೆ ಸುಮಾರು 1.013 ಬಾರ್, ಇದ್ದೇ ಇರುತ್ತದೆ. ಮಾಪಕ ತೋರಿಸುವುದು ಅದಕ್ಕಿಂತ ಮೇಲಿನದನ್ನಷ್ಟೇ. ಸೀಟಿ ಹಾಕುವ ಕುಕ್ಕರಿನ ಒತ್ತಡ ಒಂದು ಬಾರ್ ಎನ್ನುವಾಗ ಒಳಗಿರುವುದು ನಿಜಕ್ಕೂ ಎರಡು ಬಾರ್, ಅದರಿಂದಲೇ ಅಲ್ಲಿ ನೀರು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ.

ಇನ್ನು ತಮ್ಮ ಪತ್ರಿಕೆಯ ವಿಷಯ. ಮಳೆಗಾಲ ಬಂತೆಂದರೆ ‘ವಾಯುಭಾರ ಕುಸಿತ’ ದಪ್ಪಕ್ಷರದಲ್ಲಿ ಬರುತ್ತದೆ, ಎಷ್ಟು ಕುಸಿಯಿತೆಂಬುದು ಮಾತ್ರ ಬರುವುದಿಲ್ಲ. ಒತ್ತಡ ಒಂದು ಹೆಕ್ಟೋಪಾಸ್ಕಲ್ (ನೂರು ಪಾಸ್ಕಲ್) ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುವುದರಿಂದ ಮಲ್ಪೆ, ಉಳ್ಳಾಲದ ಓದುಗರಿಗೆ ಆ ಅಂಕಿ ಅಲಂಕಾರದ್ದಲ್ಲ. ಹಳಬರು ಮಿಲಿಬಾರ್ ಎಂದು ಓದಿಕೊಂಡರೂ ತಪ್ಪಾಗದು, ಎರಡರ ಬೆಲೆಯೂ ಒಂದೇ. ಪಾದರಸದ ಮಿಲಿಮೀಟರೇ ಬೇಕೆನ್ನುವವರು ಮುಕ್ಕಾಲರಿಂದ ಗುಣಿಸಿಕೊಳ್ಳಲಿ: 1000 ಹೆಕ್ಟೋಪಾಸ್ಕಲಿಗೆ 750.

ಬಂಕುಗಳಲ್ಲಿ ಪೆಟ್ರೋಲಿನ ಅಳತೆಯನ್ನು ಪರಿಶೀಲಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಗಾಳಿ ಯಂತ್ರದ ಪಕ್ಕದಲ್ಲಿ ಕನ್ನಡದ ಒಂದು ಕೋಷ್ಟಕ ಹಾಕಿಸುವ ಬಗ್ಗೆ ಯೋಚಿಸಬೇಕೆಂದು ವಿನಂತಿ. ಅಂಗೈಯಗಲದ್ದಾದರೂ ಸಾಕು, 33 ಪಿಎಸ್‌ಐಯ ಎದುರು 2.3 ಬಾರ್, 230 ಕಿಲೋಪಾಸ್ಕಲ್ ಎಂದು ಕಾಣುವಂತಿರಲಿ.

– ಓರ್ವ ನಿವೃತ್ತ ಉಪನ್ಯಾಸಕ, ಉಡುಪಿ