ಬಿಸಿ ತೋಫು ಇನ್ಮೇಲೆ ವಾರಕ್ಕೆ ನಾಲ್ಕೇ ದಿನ, ಯಾಕೆ ಅಂತ ಹೇಳ್ತೀನಿ

ಎಲ್ರಿಗೂ ನಮಸ್ಕಾರ,

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸ್ಟೋರಿ ರೋಡ್ ಹತ್ರ ಇರೋ ನಮ್ಮ ಪುಟ್ಟ ವಿಯೆಟ್ನಾಮಿ ಡೆಲಿಗೆ, ಅಂದ್ರೆ ತಿಂಡಿ ಅಂಗಡಿಗೆ, ಸನಿವೇಲ್, ಮಿಲ್ಪಿಟಾಸ್, ಫ್ರೀಮಾಂಟ್ ಕಡೆಯಿಂದೆಲ್ಲ ಬರೋ ಕನ್ನಡದವರಿಗೆ ಈ ಪತ್ರ. ನಮ್ಮನೆಯವ್ರು ಬಾಗಿಲಿಗೆ ವಿಯೆಟ್ನಾಮೀಸ್‌ನಲ್ಲಿ, ಇಂಗ್ಲಿಷ್‌ನಲ್ಲಿ ನೋಟಿಸ್ ಅಂಟಿಸಿದಾರೆ, ಆದ್ರೆ ಅದ್ರಲ್ಲಿ ಟೈಮು, ರೇಟು ಬಿಟ್ರೆ ಬೇರೇನಿಲ್ಲ. ಕೌಂಟರ್ ಹತ್ರ ಬಂದು "ಅಕ್ಕಾ, ಇವತ್ತಿಂದು ಬಿಸಿ ಇದ್ಯಾ" ಅಂತ ಕೇಳೋ ನಿಮಗೆ ಕಾರಣ ಹೇಳ್ದೆ ಬದಲಾಯಿಸೋದು ನಂಗೆ ಮನಸ್ಸಿಗೆ ಬರ್ಲಿಲ್ಲ.

ಮೊದ್ಲು ವಿಷಯ ಹೇಳ್ಬಿಡ್ತೀನಿ. ಮುಂದಿನ ತಿಂಗಳು ಒಂದನೇ ತಾರೀಖಿಂದ ತೋಫು, ಅಂದ್ರೆ ಸೋಯಾ ಹಾಲು ಒಡೆಸಿ ಮಾಡೋ ಪನೀರ್ ಥರದ್ದು, ಮಾಡೋದು ಗುರುವಾರದಿಂದ ಭಾನುವಾರದ ತನಕ ಮಾತ್ರ. ಬಿಸಿ ಬಿಸಿದು ಬೆಳಿಗ್ಗೆ 7ರಿಂದ 11. ಅದಾದ್ಮೇಲೆ ಸಿಗೋದು ನೀರಲ್ಲಿ ಹಾಕಿ ಫ್ರಿಡ್ಜಲ್ಲಿ ಇಟ್ಟಿದ್ದು, ಅದೂ ಅವತ್ತಿನ ಅಂಗಡಿ ಮುಚ್ಚೋ ತನಕ ಅಷ್ಟೇ, ಮಾರನೇ ದಿನಕ್ಕೆ ಎತ್ತಿಟ್ಟು ಮಾರಲ್ಲ. ಎರಡು ಬಿಲ್ಲೆಗೆ 3 ಡಾಲರ್ ಇದ್ದಿದ್ದು 3.50 ಆಗುತ್ತೆ. ಸೋಮವಾರದಿಂದ ಬುಧವಾರ ಅಂಗಡಿ ತೆಗೆದೇ ಇರುತ್ತೆ, ಬಾನ್ ಮೀ (ವಿಯೆಟ್ನಾಮಿ ಸ್ಯಾಂಡ್‌ವಿಚ್), ಸೋಯಾ ಹಾಲು, ಕಾಫಿ ಎಲ್ಲ ಸಿಗುತ್ತೆ, ತೋಫು ಒಂದು ಇರಲ್ಲ.

ಈಗ ಕಾರಣ. ನಮ್ಮತ್ತೆ ಕೈ.

ನಿಮ್ಮಲ್ಲಿ ತುಂಬಾ ಜನ ಅವ್ರನ್ನ ನೋಡಿಲ್ಲ, ಯಾಕಂದ್ರೆ ನೀವು ಬರೋ ಹೊತ್ತಿಗೆ ಅವ್ರ ಕೆಲಸ ಮುಗಿದು ಒಳಗೆ ಕೂತಿರ್ತಾರೆ. ರಾತ್ರಿ ನೆನೆ ಹಾಕಿದ 20 ಕೆಜಿ ಸೋಯಾ ಕಾಳನ್ನ ಬೆಳಿಗ್ಗೆ ಮೂರು ಗಂಟೆಗೆ ಎದ್ದು ತೊಳೆದು, ರುಬ್ಬಿ, ಸೋಸಿ, ಹಾಲು ಕುದಿಯೋಕೆ ಇಡ್ತಾರೆ. ಸೋಯಾ ಹಾಲು ಮೋಸ ಮಾಡುತ್ತೆ ಅಂತ ಅವ್ರು ನಂಗೆ ಹೇಳಿಕೊಟ್ಟ ಮೊದಲ್ನೇ ಪಾಠ, ಕುದಿ ಬರೋಕೆ ಮುಂಚೆನೇ ನೊರೆ ಉಕ್ಕಿ ಬಂದ್ಬಿಡುತ್ತೆ, ನಾವು ಕುದೀತು ಅನ್ಕೊಂಡು ಇಳಿಸಿದ್ರೆ ಒಳಗೆ ಹಸಿ ಇರುತ್ತೆ, ಹಸಿ ಇದ್ರೆ ಹೊಟ್ಟೆ ಕೆಡುತ್ತೆ. ಅದಕ್ಕೆ ನೊರೆ ತೆಗೆದು ಇನ್ನೂ ಹತ್ತು ನಿಮಿಷ ಸೌಟಲ್ಲಿ ತಿರುಗಿಸ್ತಾನೇ ಇರ್ಬೇಕು. ಆಮೇಲೆ ಸ್ವಲ್ಪ ಆರಿಸಿ, ಹಿಂದಿನ ದಿನದ ತೋಫು ಒತ್ತಿದಾಗ ಇಳಿದ ನೀರನ್ನ ಹುಳಿ ಬರಿಸಿ ಇಟ್ಟಿರ್ತಾರಲ್ಲ, ಅದನ್ನ ಒಂದೊಂದೇ ಸೌಟು ಹಾಕ್ತಾರೆ. ಮನೇಲಿ ನಿನ್ನೆ ಮೊಸರಲ್ಲಿ ಇವತ್ತಿನ ಹಾಲಿಗೆ ಹೆಪ್ಪು ಹಾಕಲ್ವಾ, ಹಾಗೇ ನಿನ್ನೆ ನೀರಿಂದ ಇವತ್ತಿನ ತೋಫು. ಶಿವಮೊಗ್ಗದಲ್ಲಿ ಬೆಳೆದ ನಂಗೆ ಈ ಕೆಲಸ ಮೊದಲ್ನೇ ದಿನವೇ ಅರ್ಥ ಆಗಿದ್ದು ಇದೊಂದ್ರಿಂದ.

ಜಾಸ್ತಿ ಅಂಗಡಿಗಳಲ್ಲಿ ಹಾಲು ಒಡೆಯೋಕೆ ಈ ಹುಳಿ ನೀರಿನ ಬದಲು ಜಿಪ್ಸಮ್ ಅಥವಾ ನಿಗಾರಿ ಅನ್ನೋ ಲವಣ ಹಾಕ್ತಾರೆ, ಅದ್ರಲ್ಲಿ ತಪ್ಪೇನಿಲ್ಲ, ಶುಂಠಿ ಪಾಕದ ಜೊತೆ ಕೊಡೋ ಮೆತ್ತನೆ ತಾವ್ ಹೂಗೆ ನಾವೂ ಜಿಪ್ಸಮ್ಮೇ ಹಾಕೋದು. ಆದ್ರೆ ಹುಳಿ ನೀರಿನ ಪದ್ಧತಿ ಉತ್ತರ ವಿಯೆಟ್ನಾಮಿಂದು, ಹನೋಯ್‌ನಲ್ಲಿ ಮೋ ಅಂತ ಒಂದು ಹಳೇ ಊರು ಇತ್ತು, ಈಗ ಸಿಟಿ ಒಳಗೇ ಸೇರಿಹೋಗಿದೆ, ಅಲ್ಲಿಯ ತೋಫು ಅಂದ್ರೆ ಇವತ್ತಿಗೂ ಹೆಸರು. ನಮ್ಮತ್ತೆ ಕೈಗೂಸಾಗಿದ್ದಾಗ, 1954ರಲ್ಲಿ ದೇಶ ಎರಡು ಭಾಗ ಆಗಿ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ಹೋದ್ರಲ್ಲ, ಆಗ ಅವ್ರಮ್ಮ ಇವ್ರನ್ನ ಎತ್ಕೊಂಡು ಸೈಗಾನ್‌ಗೆ ಹೋದ್ರಂತೆ, ಅಲ್ಲಿ ಹೊಟ್ಟೆಪಾಡಿಗೆ ಈ ತೋಫು ಮಾಡಿ ಮಾರಿದ್ರು. ಆಮೇಲೆ 1975ರಲ್ಲಿ ಯುದ್ಧ ಮುಗಿದು ಸೈಗಾನ್ ಉತ್ತರದವರ ಕೈಗೆ ಹೋಯ್ತು, ಅದರ ನಂತರ ಈ ದೇಶ. ಮನೆ ಎಷ್ಟು ಸಲ ಬದಲಾದ್ರೂ ತೋಫು ಮಾಡೋ ರೀತಿ ಬದಲಾಗ್ಲಿಲ್ಲ.

ಈ ಪದ್ಧತೀಲಿ ಕಷ್ಟದ ಭಾಗ ಕೊನೇದು. ಒಡೆದ ಹಾಲಿನ ಗಟ್ಟಿಯನ್ನ ದೊಡ್ಡ ಅಚ್ಚಿಗೆ ಸುರಿದು ಕತ್ತರಿಸೋದಲ್ಲ, ಬಿಸಿ ಇರುವಾಗ್ಲೇ ಅಂಗೈ ಅಗಲದ ಬಟ್ಟೇಲಿ ಒಂದೊಂದೇ ಬಿಲ್ಲೆ ಸುತ್ತಿ, ನಾಲ್ಕು ಮೂಲೆ ಮಡಿಸಿ, ಸಾಲಾಗಿ ಜೋಡಿಸಿ, ಮೇಲೆ ಭಾರ ಇಡ್ಬೇಕು. ಹತ್ತತ್ರ 250 ಬಿಲ್ಲೆ, ದಿನಾ, ವಾರಕ್ಕೆ ಆರು ದಿನ. ನೀವು ತಗೊಂಡ ತೋಫು ಮೇಲೆ ಬಟ್ಟೆ ನೇಯ್ಗೆ ಗೆರೆ, ಅಂಚಲ್ಲಿ ಮಡಿಕೆ ಗುರುತು ಕಾಣುತ್ತಲ್ಲ, ಅದು ಅವ್ರ ಬೆರಳಿಂದ ಆಗಿದ್ದು. ಹೋದ ವರ್ಷದಿಂದ ಅವ್ರ ಬಲಗೈ ಮಣಿಕಟ್ಟು ಊದ್ಕೊಳ್ಳೋಕೆ ಶುರುವಾಯ್ತು, ಒಂದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಎಡಗೈಲಿ ಬಲಗೈ ಹಿಡ್ಕೊಂಡು ಮಡಿಸ್ತಾ ಇದ್ರು. ಡಾಕ್ಟ್ರು ಮಧ್ಯೆ ಮಧ್ಯೆ ಕೈಗೆ ಪೂರ್ತಿ ರೆಸ್ಟ್ ಕೊಡ್ಲೇಬೇಕು ಅಂದಿದಾರೆ. ನಾನು ಕಲೀತಾ ಇದೀನಿ, ಮಡಿಸೋದು ಬಂದಿದೆ, ಆದ್ರೆ ಅವ್ರು ನಾಲ್ಕು ಮಡಿಸೋ ಹೊತ್ತಿಗೆ ನಾನು ಒಂದು, ಅಷ್ಟರಲ್ಲಿ ಉಳಿದದ್ದು ತಣ್ಣಗಾಗುತ್ತೆ, ತಣ್ಣಗಾದ್ರೆ ಕೂಡ್ಕೊಳ್ಳಲ್ಲ.

ಒಂದು ತಪ್ಪೂ ಒಪ್ಕೋಬೇಕು. ಫೆಬ್ರವರೀಲಿ ಅವ್ರಿಗೆ ಕೈ ಆಡದೆ ಇದ್ದಾಗ ಒಂದು ವಾರ ನಾವು ಹೊರಗಿನ ಫ್ಯಾಕ್ಟರಿಯಿಂದ ತೋಫು ತರಿಸಿ, ಬಿಡಿಸಿ, ನಮ್ಮ ಟ್ರೇಲಿ ಇಟ್ಟು ಮಾರಿದ್ವಿ. ಬೋರ್ಡ್ ಹಾಕ್ಲಿಲ್ಲ. ಮಿಲ್ಪಿಟಾಸ್‌ನಿಂದ ಬರೋ ಒಬ್ರು ಆಂಟಿ ಮಾರನೇ ದಿನವೇ ವಾಪಸ್ ಬಂದು, "ಯಾಕಮ್ಮಾ ಇದು ರಬ್ಬರ್ ಥರ ಇದೆ, ಹುಳಿಯಲ್ಲಿ ಹಾಕಿದ್ರೆ ಹೀರ್ಕೊಳ್ಳೋದೇ ಇಲ್ಲ" ಅಂದ್ರು, ನಾನು ತಲೆ ತಗ್ಗಿಸಿ ನಿಂತಿದ್ದೆ. ಆ ವಾರ ತಗೊಂಡೋರು ಹೇಳಿ, ಬಿಲ್ಲು ಏನೂ ಬೇಡ, ಅಷ್ಟೂ ತೋಫು ಹೊಸದಾಗಿ ಕೊಡ್ತೀವಿ. ಆವಾಗ್ಲೇ ಮನೇಲಿ ಎಲ್ರೂ ಕೂತು ಮಾತಾಡಿದ್ದು, ಆರು ದಿನ ಯಾರದೋ ತೋಫು ಮಾರೋ ಬದಲು ನಾಲ್ಕು ದಿನ ನಮ್ಮದೇ ಮಾಡೋಣ ಅಂತ. ಐವತ್ತು ಸೆಂಟ್ ಜಾಸ್ತಿ ಮಾಡಿರೋದು ಬೆಳಿಗ್ಗೆ ಹೊತ್ತು ಸಹಾಯಕ್ಕೆ ಒಬ್ರನ್ನ ಇಟ್ಕೊಳ್ಳೋಕೆ.

11 ಗಂಟೆ ಲೆಕ್ಕ ಬೇರೆ. ಬಿಸಿ ತೋಫು ಒಲೆ ಮೇಲೂ ಇರಲ್ಲ, ಫ್ರಿಡ್ಜಲ್ಲೂ ಇರಲ್ಲ, ಕೌಂಟರ್ ಮೇಲೆ ಉಗುರುಬೆಚ್ಚಗೆ ಇರುತ್ತೆ. ಕ್ಯಾಲಿಫೋರ್ನಿಯಾ ನಿಯಮದ ಪ್ರಕಾರ ಇಂಥ ಪದಾರ್ಥ 41 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗೆ ಇಲ್ಲಾ 135ಕ್ಕಿಂತ ಬಿಸಿಯಾಗಿ ಇರ್ಬೇಕು, ಮಧ್ಯದಲ್ಲಿ ಇಡೋದಾದ್ರೆ ಟೈಮ್ ಬರೆದಿಟ್ಟು ನಾಲ್ಕು ಗಂಟೆ ಮಾತ್ರ, ಆಮೇಲೆ ಎಸೀಬೇಕು. ಈ ನಿಯಮ ನಂಗೆ ಸರಿ ಅನ್ಸುತ್ತೆ, ತೋಫು ಹಾಲಿನ ಥರಾನೇ ಬೇಗ ಕೆಡುತ್ತೆ. ಅದಕ್ಕೆ ಇನ್ಮೇಲೆ ಸ್ವಲ್ಪ ಸ್ವಲ್ಪನೇ ಹೊರಗಿಡ್ತೀವಿ, ಟ್ರೇ ಮೇಲೆ ಟೈಮ್ ಬರೆದಿರುತ್ತೆ, ನೋಡಿ ತಗೊಳ್ಳಿ.

ಹುಣ್ಣಿಮೆ ಅಮಾವಾಸ್ಯೆಗೆ ಮಾತ್ರ ಈ ನಾಲ್ಕು ದಿನದ ಲೆಕ್ಕ ಇಲ್ಲ. ಚಾಂದ್ರಮಾನದ ಮೊದಲ್ನೇ ದಿನ, ಹದಿನೈದನೇ ದಿನ ವಿಯೆಟ್ನಾಮಿ ಬೌದ್ಧರು ಚಾಯ್ ಮಾಡ್ತಾರೆ, ಅಂದ್ರೆ ಮಾಂಸ ಮೀನು ಬಿಟ್ಟು ಊಟ, ಕಟ್ಟುನಿಟ್ಟಾಗಿ ಮಾಡೋರು ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ. ಆ ಎರಡು ದಿನ ಯಾವ ವಾರ ಬಂದ್ರೂ ತೋಫು ಇರುತ್ತೆ, ಅತ್ತೆ ಇದೊಂದಕ್ಕೆ ಯಾರ ಮಾತೂ ಕೇಳಲ್ಲ. ನಿಂಬೆಹುಲ್ಲು ಮೆಣಸಿನಕಾಯಿ ಹಾಕಿ ಕರಿದ ತೋಫು ಆ ದಿನ ಬೆಳ್ಳುಳ್ಳಿ ಇಲ್ದೇ ಮಾಡ್ತೀವಿ, ನಿಮ್ಮಲ್ಲಿ ಬೆಳ್ಳುಳ್ಳಿ ತಿನ್ನದೋರು ಅವತ್ತು ಬಂದ್ರೆ ಒಳ್ಳೇದು. ಕರಿಯೋ ಬಾಂಡ್ಲಿ ಯಾವತ್ತೂ ಬೇರೆನೇ, ಅದ್ರಲ್ಲಿ ಮಾಂಸದ್ದೇನೂ ಬೀಳಲ್ಲ. ಪಕ್ಕದಲ್ಲಿ ಕೊಡೋ ಸಣ್ಣ ಡಬ್ಬಿ ಬಗ್ಗೆ ಮಾತ್ರ ಹುಷಾರು, ತಿಳಿ ಕಂದು ಬಣ್ಣದ್ದು ಮೀನಿನ ಸಾಸು, ಕಪ್ಪಗಿರೋದು ಸೋಯಾ ಸಾಸು. "ಚಾಯ್" ಅಂತ ಒಂದು ಮಾತು ಹೇಳಿ, ಕೌಂಟರಲ್ಲಿ ಯಾರಿದ್ರೂ ಕಪ್ಪುದನ್ನೇ ಹಾಕ್ತಾರೆ.

ಗುರುವಾರದ ತೋಫು ಒಂಚೂರು ಹುಳಿ ಕಡೆ ಇರ್ಬೋದು, ಮೂರು ದಿನ ಬಿಡುವಾಗಿ ಹುಳಿ ನೀರು ಇನ್ನೂ ಹುಳಿ ಆಗಿರುತ್ತೆ, ಟ್ರಯಲ್ ಮಾಡಿದಾಗ ಹಾಗೇ ಬಂತು. ಕರಿಯೋಕೆ, ಪಲ್ಯಕ್ಕೆ ಅದು ಚೆನ್ನಾಗೇ ಇರುತ್ತೆ. ಹಾಗೇ ಉಪ್ಪು ಮೆಣಸು ಹಾಕ್ಕೊಂಡು ತಿನ್ನೋರು ಶುಕ್ರವಾರದಿಂದ ತಗೊಳ್ಳಿ. ಮನೆಗೆ ಒಯ್ದ ಮೇಲೆ ನೀರಲ್ಲಿ ಮುಳುಗಿಸಿ ಫ್ರಿಡ್ಜಲ್ಲಿಡಿ, ದಿನಾ ನೀರು ಬದಲಾಯಿಸಿದ್ರೆ ಮೂರು ದಿನ ಬರುತ್ತೆ, ಮುಟ್ಟಿದಾಗ ಲೋಳೆ ಅನ್ಸಿದ್ರೆ ಎಸೆದುಬಿಡಿ.

ಸೋಸಿದ ಮೇಲೆ ಉಳಿಯೋ ಹಿಂಡಿ ಮೊದಲಿನ ಥರಾನೇ ಫ್ರೀ, ಬೆಳಿಗ್ಗೆ 8ರ ಒಳಗೆ ಡಬ್ಬಿ ತಗೊಂಡು ಬನ್ನಿ, ಅವತ್ತೇ ಉಪಯೋಗಿಸಿ. ಅಕ್ಕಿ ಹಿಟ್ಟಿಗೆ ಕಾಲು ಭಾಗ ಸೇರಿಸಿ ರೊಟ್ಟಿ ತಟ್ಟಿದ್ರೆ ಮೆತ್ತಗೆ ಬರುತ್ತೆ, ಅತ್ತೆಗೆ ಒಂದ್ಸಲ ಮಾಡಿಕೊಟ್ಟಿದ್ದೆ, ಅವ್ರು ಅದನ್ನ ಸೋಯಾ ಸಾಸಲ್ಲಿ ಅದ್ದಿ ಎರಡು ತಿಂದ್ರು.

ಜಾಸ್ತಿ ಬೇಕಿದ್ರೆ, ಅಂದ್ರೆ ಹತ್ತು ಬಿಲ್ಲೆ ಮೇಲೆ, ಹಿಂದಿನ ದಿನ ಮಧ್ಯಾಹ್ನದೊಳಗೆ ಅಂಗಡಿಗೆ ಫೋನ್ ಮಾಡಿ, ಕಾಳು ನೆನೆ ಹಾಕೋಕೆ ಮುಂಚೆ ಗೊತ್ತಾಗ್ಬೇಕು.

ಇಂತಿ,
ಕೌಂಟರಿನ ನಿಮ್ಮ ಅಕ್ಕ